ಕೆಂಪಿಗೆ ಒಂದು ಗೀರು, ಹಸಿರಿಗೆ ಎರಡು

ಇಷ್ಟು ವರ್ಷಗಳ ನೌಕರಿಯಲ್ಲಿ ನಾನು ಕದ್ದದ್ದು ಒಂದೇ ವಸ್ತು. ಡ್ರಾಯಿಂಗ್ ಪೀರಿಯಡ್ಡು. ಅದನ್ನು ಮಾತ್ರ ಮನಸಾರೆ ಕದ್ದಿದ್ದೇನೆ. ದೀಪಾವಳಿ ರಜೆ ಮುಗಿಯುವುದೇ ತಡ, ಹತ್ತನೇ ತರಗತಿಯ ಬಾಗಿಲಲ್ಲಿ ನಿಂತು, "ಡ್ರಾಯಿಂಗ್ ಸರ್ ಇವತ್ತ ಬರೂದಿಲ್ಲ, ವಿಜ್ಞಾನ ಪುಸ್ತಕ ತಗೀರಿ" ಎಂದು ಘೋಷಿಸಿಬಿಡುತ್ತಿದ್ದೆ. ಆ ಹೊತ್ತಿಗೆ ಡ್ರಾಯಿಂಗ್ ಸರ್ ಬಂದು ನನ್ನ ಬೆನ್ನ ಹಿಂದೆಯೇ ನಿಂತಿರುತ್ತಿದ್ದರು. ಮಕ್ಕಳು ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿ ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದವು. ಅವರು ಚಾಕ್‌ಪೀಸಿನ ಡಬ್ಬಿ ಬಗಲಲ್ಲಿ ಇಟ್ಟುಕೊಂಡು ಸ್ಟಾಫ್ ರೂಮಿಗೆ ವಾಪಸು ಹೋಗುತ್ತಿದ್ದರು.

ನನಗೆ ಒಂದಿಷ್ಟೂ ನಾಚಿಕೆ ಇರಲಿಲ್ಲ. ಪರೀಕ್ಷೆಯಲ್ಲಿ ವಿಜ್ಞಾನ ಕೆಟ್ಟರೆ ನೋಟಿಸು ಬರುವುದು ನನಗೆ. ಚಿತ್ರಕಲೆ ಕೆಟ್ಟರೆ ಯಾರಿಗೂ ಏನೂ ಬರುವುದಿಲ್ಲ. ಒಂದು ಸಲ ಅವರು ಧೈರ್ಯ ಮಾಡಿ ಕೇಳಿದಾಗ ಮುಖದ ಮೇಲೆ ಹೊಡೆದಂತೆ ಹೇಳಿದ್ದೆ.

"ಗಿಡ, ಗುಡ್ಡ, ಮನಿ ತಗದು ಯಾರು ಪಾಸಾಗ್ಯಾರ್ರಿ ಸರ್?"

"ನಿಮ್ಮ ಹುಡುಗ್ರು ತಗದ ಹೃದಯ ನೋಡೀನ್ರಿ ಮೇಡಂ," ಅಂದರು ಅವರು. "ಅದು ಹೃದಯ ಅಲ್ಲ. ಬದನಿಕಾಯಿ ಅದ."

ಮಾತು ನಿಜವಾಗಿತ್ತು, ಅದಕ್ಕೇ ನನಗೆ ಸಿಟ್ಟು ಬಂತು. ನಮ್ಮ ಮಕ್ಕಳು ಹೃದಯವನ್ನು ಬದನೆಕಾಯಿಯಂತೆ, ಕಣ್ಣನ್ನು ಕೋಳಿಮೊಟ್ಟೆಯಂತೆ ಬರೆದು, ಭಾಗಗಳ ಹೆಸರನ್ನು ಮಾತ್ರ ತಪ್ಪಿಲ್ಲದೆ ಬರೆಯುತ್ತಿದ್ದವು. ಚಿತ್ರಕ್ಕಿದ್ದ ಅಂಕ ಅಲ್ಲಿಗೇ ಹೋಗುತ್ತಿತ್ತು.

ನಮ್ಮ ಹೈಸ್ಕೂಲು ಶಹಾಪುರದಲ್ಲಿ. ನಾನು ಮುದನಾಳದಿಂದ ಯಾದಗಿರಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು, ಭೀಮಾ ಹೊಳೆ ದಾಟಿ ಬರುತ್ತಿದ್ದೆ. ಅವರು ಆ ಕಡೆಯಿಂದ, ಸುರಪುರಕ್ಕೆ ಅಂಟಿಕೊಂಡಿರುವ ರಂಗಂಪೇಟೆಯಿಂದ ಬರುತ್ತಿದ್ದರು. ಸಂಜೆ ಇಬ್ಬರೂ ಶಹಾಪುರದ ಬಸ್‌ಸ್ಟ್ಯಾಂಡಿನ ಒಂದೇ ಕಲ್ಲುಬೆಂಚಿನ ಮೇಲೆ ಕುಳಿತು, ಒಂದೇ ಪೊಟ್ಟಣದ ಹುರಿದ ಶೇಂಗಾ ತಿನ್ನುತ್ತ, ಬೇರೆ ಬೇರೆ ದಿಕ್ಕಿನ ಬಸ್ಸು ಕಾಯುತ್ತಿದ್ದೆವು. ಶಾಲೆಯಲ್ಲಿ ಜಗಳ, ಬೆಂಚಿನ ಮೇಲೆ ಶೇಂಗಾ. ಇದು ನಮ್ಮ ಅಲಿಖಿತ ಒಪ್ಪಂದ.

ಅವರ ಗೆರೆಯ ಬಗ್ಗೆ ಮಾತ್ರ ನಾನು ಎಂದೂ ಹಗುರವಾಗಿ ಮಾತಾಡಿಲ್ಲ. ಕರಿಹಲಗೆಯ ಮೇಲೆ ಸೀಮೆಸುಣ್ಣ ಇಟ್ಟರೆಂದರೆ, ಎತ್ತದೆ ಒಂದೇ ಏಟಿಗೆ ಕುದುರೆ ಬರೆದುಬಿಡುತ್ತಿದ್ದರು. ಬಾಲದಿಂದ ಶುರುಮಾಡಿ ಮೂಗಿಗೆ ಮುಗಿಸುತ್ತಿದ್ದರು. ಹಿಂದಿನ ಬೆಂಚಿನ ಪುಂಡರು ಸಹ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಆದರೆ ಎಲ್ಲವೂ ಬಿಳಿ ಚಾಕ್‌ಪೀಸಿನಲ್ಲಿ. ಬಣ್ಣದ ಚಾಕ್‌ಪೀಸು ಮುಟ್ಟುತ್ತಿರಲಿಲ್ಲ. "ಬಣ್ಣ ಹುಡುಗ್ರು ತುಂಬ್ಲಿ, ಅವರ ಮನಸಿಗಿ ಬಂದಿದ್ದು" ಅನ್ನುತ್ತಿದ್ದರು. ನಾನು ಇದನ್ನು ಸೋಮಾರಿತನ ಅಂದುಕೊಂಡಿದ್ದೆ. ಸ್ಟಾಫ್ ರೂಮಿನಲ್ಲಿ ಬಾಯಿಬಿಟ್ಟು ಹೇಳಿಯೂ ಇದ್ದೆ.

ಅವರ ತಂದೆ ಸುರಪುರದ ಹಳೇ ಪದ್ಧತಿಯ ಚಿತ್ರ ಬರೆಯುವವರು. ಅಂಗೈ ಅಗಲದ ಹಾಳೆಯಲ್ಲಿ ಬಂಗಾರದ ರೇಕು ಅಂಟಿಸಿ, ಕೂದಲೆಳೆಯಂಥ ಕುಂಚದಿಂದ ಬಣ್ಣ ಕೂರಿಸುವ ಕೆಲಸ. ಆ ಓಣಿಯಲ್ಲಿ ಅದನ್ನು ಬಲ್ಲವರು ಅವರ ತಂದೆಯೇ ಕೊನೆಯವರಂತೆ. ಬೆಂಚಿನ ಮೇಲೆ ಕುಳಿತಾಗ ಅಪ್ಪನ ಕಥೆಗಳು ಒಂದೊಂದಾಗಿ ಬರುತ್ತಿದ್ದವು. ಒಂದು ಕಥೆ ನನಗೆ ಬಹಳ ಹಿಡಿಸಿತ್ತು.

"ನಮ್ಮಪ್ಪ ದಿನಾ ಪೂರಾ ಕೆಂಪು ಬಣ್ಣದಾಗ ಕೆಲ್ಸಾ ಮಾಡಿದ್ರ, ಸಂಜೀಕ ಹೊರಗ ಬಂದು ಬೇವಿನ ಗಿಡ ನೋಡಕೋತ ಕುಂದ್ರತಿದ್ರಿ. ಬಿಳಿ ಗ್ವಾಡಿ ಕಡಿ ನೋಡ್ತಿರಲಿಲ್ಲ. ನೋಡಿದ್ರ ಹಸರು ದೆವ್ವ ಕಾಣ್ತದ ಅಂತಿದ್ರು. ಹಸರು ಬಣ್ಣದಾಗ ಕೆಲ್ಸಾ ಮಾಡಿದ ದಿನ ಕೆಂಪು ದೆವ್ವ."

"ನೀವು ನೋಡೀರೇನ್ರಿ ದೆವ್ವ?" ಎಂದು ಕೇಳಿದ್ದೆ.

"ನನಗ ಯಾವ ದೆವ್ವನೂ ಕಂಡಿಲ್ರಿ," ಎಂದು ಅವರು ಶೇಂಗಾ ಸಿಪ್ಪೆ ಊದಿದರು.

ಅವರ ಬಗ್ಗೆ ಇನ್ನೆರಡು ಮಾತು ಹೇಳಿಬಿಡಬೇಕು. ಒಂದು, ಅವರು ಟೊಮ್ಯಾಟೊ ಕೊಳ್ಳುವ ರೀತಿ. ಡಾಕ್ಟರು ಹೊಟ್ಟೆ ಒತ್ತಿ ನೋಡಿದ ಹಾಗೆ ಒಂದೊಂದನ್ನೂ ಒತ್ತಿ, ಮೂಸಿ, ಮತ್ತೆ ಒತ್ತಿ ಆರಿಸುತ್ತಿದ್ದರು. ಸಂತೆಯ ಹೆಂಗಸರು ಅವರನ್ನು ಕಂಡರೆ ಬುಟ್ಟಿಗೆ ಸೆರಗು ಮುಚ್ಚುತ್ತಿದ್ದರು. ಇನ್ನೊಂದು ಸೀರೆಯ ವಿಷಯ. ಒಂದು ದಿನ ನಾನು ಕಡುಗೆಂಪು ಸೀರೆ ಉಟ್ಟು ಹೋಗಿದ್ದೆ, ಗಣಿತದ ಮೇಡಂ ಕಡುಹಸಿರು ಉಟ್ಟಿದ್ದರು. ನಮ್ಮಿಬ್ಬರ ಮಾತುಕತೆ ಆಗ ಬಂದ್ ಆಗಿತ್ತು. ಡ್ರಾಯಿಂಗ್ ಸರ್ ಒಳಗೆ ಬಂದವರೇ, "ಇಬ್ರೂ ಕೂಡಿ ಒಂದೇ ನಮೂನಿ ಸೀರಿ ತಗೊಂಡೀರಲ್ಲ, ಛಲೋ ಆಯ್ತು ಬಿಡ್ರಿ" ಅಂದರು. ನಾವಿಬ್ಬರೂ ಇದನ್ನು ಕುಚೋದ್ಯ ಅಂತಲೇ ತಿಳಿದೆವು. ಅವರ ಮೇಲಿನ ಸಿಟ್ಟಿನಲ್ಲಿ ನಮ್ಮ ನಡುವೆ ಮಾತು ಮತ್ತೆ ಶುರುವಾಯಿತು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ವರ್ಷ ಮೇಲಿನ ಅಧಿಕಾರಿಯೊಬ್ಬರು ಶಾಲೆ ನೋಡಲು ಬರುವವರಿದ್ದರು. ನಮ್ಮ ಹೆಡ್‌ಮಾಸ್ತರರಿಗೆ ಅಧಿಕಾರಿ ಎಂದರೆ ಮೈಯೆಲ್ಲ ಬೆವರು. ಪ್ರಾರ್ಥನೆ ಮಾಡುವ ಅಂಗಳದ ಗೋಡೆಗೆ ಹೊಸದಾಗಿ ಸುಣ್ಣ ಬಳಿಸಿದ್ದರು. "ಗ್ವಾಡಿ ಹಂಗ ಖಾಲಿ ಬಿಡಬ್ಯಾಡ್ರಿ. ಅರ್ಧಕ್ಕ ವಿಜ್ಞಾನದ್ದು ಒಂದು ದೊಡ್ಡ ಚಿತ್ರ ಆಗ್ಲಿ," ಎಂದು ಅಪ್ಪಣೆ ಮಾಡಿದರು. ನಾನು ಹೃದಯ ಆಗಲಿ ಅಂದೆ. ನಾಲ್ಕು ಕೋಣೆ, ಶುದ್ಧ ರಕ್ತ ಕೆಂಪು, ಅಶುದ್ಧ ರಕ್ತ ನೀಲಿ. ಎಲ್ಲರೂ ಡ್ರಾಯಿಂಗ್ ಸರ್ ಕಡೆ ನೋಡಿದರು.

ಅವರು ಕನ್ನಡಕ ಒರೆಸಿಕೊಂಡು, ಮೆತ್ತಗೆ, ಬಾಂಬು ಹಾಕಿದರು. "ಮಾಡ್ತೀನ್ರಿ. ಆದ್ರ ವಿಜ್ಞಾನ ಮೇಡಂ ನನ್ನ ಪೀರಿಯಡ್ ತಗೊಳಂಗಿಲ್ಲ ಅಂತ ಬರಕೊಡ್ಬೇಕು."

ಹೆಡ್‌ಮಾಸ್ತರರಿಗೆ ಗೋಡೆಯ ಚಿಂತೆ, ನನ್ನ ಮರ್ಯಾದೆಯದಲ್ಲ. ಎಲ್ಲರೆದುರು ಹಾಳೆ ಕೊಟ್ಟು ಬರೆಸಿದರು. 'ಇನ್ನು ಮುಂದೆ ನಾನು ಡ್ರಾಯಿಂಗ್ ಪೀರಿಯಡ್ ತೆಗೆದುಕೊಳ್ಳುವುದಿಲ್ಲ.' ಕೆಳಗೆ ಸಹಿ. ಗಣಿತದ ಮೇಡಂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದರು. ನಮ್ಮ ಮಾತುಕತೆ ಅಂದೇ ಮತ್ತೆ ಬಂದ್ ಆಯಿತು.

ಶನಿವಾರ ಅರ್ಧ ದಿನದ ಶಾಲೆ. ಡ್ರಾಯಿಂಗ್ ಸರ್ ಬಣ್ಣ ತಂದು, ಹಳೇ ಹಾಲಿನ ಪುಡಿಯ ಡಬ್ಬಿಗಳಿಗೆ ಸುರುವಿ, ಸ್ಟಾಫ್ ರೂಮಿನ ಮೂಲೆಯಲ್ಲಿ ಸಾಲಾಗಿ ಇಟ್ಟಿದ್ದರು. ಭಾನುವಾರ ಒಬ್ಬರೇ ಬಂದು ಚಿತ್ರ ಮುಗಿಸುವವರಿದ್ದರು, ಸೋಮವಾರ ಅಧಿಕಾರಿ. ಡಬ್ಬಿಗಳ ಮುಚ್ಚಳದ ಅಂಚಿನಲ್ಲಿ ಚಾಕುವಿನಿಂದ ಗೀರು ಹಾಕಿದ್ದರು. ಒಂದಕ್ಕೆ ಒಂದು ಗೀರು, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಮೂರು. ಅವರು ಡಬ್ಬಿ ತೆಗೆಯುವ ಮುಂಚೆ ಅಂಚಿನ ಸುತ್ತ ಹೆಬ್ಬೆರಳು ಆಡಿಸುವುದನ್ನು ನಾನು ನೋಡಿದ್ದೆ. ಹಳೇ ಚಿತ್ರಗಾರರ ಮನೆತನ, ಏನೋ ಚಾಳಿ ಅಂದುಕೊಂಡಿದ್ದೆ.

ಎಲ್ಲರೂ ಹೋದರು. ನನ್ನ ಸಹಿಯ ಹಾಳೆ ಹೆಡ್‌ಮಾಸ್ತರರ ಟೇಬಲ್ಲಿನ ಗಾಜಿನ ಕೆಳಗೆ ಕಾಣುತ್ತಿತ್ತು. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡವಳು, ತಿರುಗಿ ಬಂದೆ. ಒಂದು ಗೀರಿನ ಡಬ್ಬಿ ತೆಗೆದೆ, ಕೆಂಪು. ಎರಡು ಗೀರಿನದು ತೆಗೆದೆ, ಗಿಡ ಬಳ್ಳಿಯ ಅಂಚು ಬರೆಯಲು ತಂದ ಹಸಿರು. ಮುಚ್ಚಳ ಅದಲು ಬದಲು ಮಾಡಿ ಒತ್ತಿದೆ. ನಾಳೆ ಕೆಂಪು ಅಂತ ತೆಗೆದರೆ ಹಸಿರು ಕಾಣಬೇಕು, ಅವರು ನನ್ನನ್ನು ಬೈಯಬೇಕು, ನನಗೆ ಮುದನಾಳದಲ್ಲಿ ಕೂತಲ್ಲೇ ಬಿಕ್ಕಳಿಕೆ ಬರಬೇಕು. ಇಷ್ಟೇ ನನ್ನ ಯೋಜನೆ. ಇದಕ್ಕಿಂತ ನಿರುಪದ್ರವಿ ಚೇಷ್ಟೆ ಲೋಕದಲ್ಲಿ ಇರಲಾರದು ಅಂತ ಹಾಡು ಗುನುಗುತ್ತ ಬಸ್ಸು ಹತ್ತಿದೆ.

ಭಾನುವಾರ ಬಿಕ್ಕಳಿಕೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಗೇಟು ದಾಟಿ ಅಂಗಳಕ್ಕೆ ಬಂದೆ. ಗೋಡೆಯ ಮೇಲೆ ಆಳೆತ್ತರದ ಹೃದಯ. ಆ ಗೆರೆಗಳನ್ನು ಏನೆಂದು ಹೇಳಲಿ! ಪುಸ್ತಕದಲ್ಲಿ ಸಹ ಕವಾಟಗಳು ಅಷ್ಟು ಚೆಂದ ತೆರೆದುಕೊಂಡಿರುವುದಿಲ್ಲ. ರಕ್ತ ಹರಿಯುವ ದಿಕ್ಕಿನ ಬಾಣಗಳು ಹರಿಯುತ್ತಲೇ ಇದ್ದ ಹಾಗಿದ್ದವು. ಒಂದರ್ಧ ನೀಲಿ. ಇನ್ನರ್ಧ ಗಾಢವಾದ, ಹೊಳೆಯುವ ಹಸಿರು. ಮಹಾಧಮನಿ ಮೇಲೆದ್ದು ಬಾಗಿ, ಹಸಿರು ಹಾವಿನಂತೆ ಇಳಿದಿತ್ತು. ಸುತ್ತಲಿನ ಅಂಚಿನಲ್ಲಿ ಬಳ್ಳಿಗಳು, ಎಲ್ಲ ಎಲೆಗಳೂ ಕೆಂಪು.

ನನಗೆ ನಗು ಉಕ್ಕಿತು. ಅಬ್ಬಾ, ನನ್ನ ಚೇಷ್ಟೆಗೆ ಇಷ್ಟು ದೊಡ್ಡ ಪ್ರತಿಚೇಷ್ಟೆಯೇ, ಅಧಿಕಾರಿ ಬರುವ ದಿನವೇ ನನ್ನ ಹೃದಯಕ್ಕೆ ಹಸಿರು ಬಳಿದು ಸೇಡು ತೀರಿಸಿಕೊಂಡರೇ ಎಂದು ಮೆಚ್ಚಿಕೊಂಡೆ. ಅಷ್ಟರಲ್ಲಿ ಅವರು ಸೀಮೆಎಣ್ಣೆಯ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತ ಪಕ್ಕಕ್ಕೆ ಬಂದರು. ಮುಖದಲ್ಲಿ ಚೇಷ್ಟೆಯ ಸುಳಿವೇ ಇರಲಿಲ್ಲ.

"ಹ್ಯಾಂಗದ್ರಿ ಮೇಡಂ? ರಕ್ತ ಬರೋಬ್ಬರಿ ಕೆಂಪು ಆಗ್ಯದಿಲ್ರಿ? ಬಿಸಲಿಗಿ ಹಾರಬಾರ್ದು ಅಂತ ಜರಾ ಗಾಢಂದೇ ತಂದೀನಿ."

ನಾನು ಹಸಿರು ಧಮನಿಯನ್ನು ಮತ್ತೊಮ್ಮೆ ನೋಡಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಒಂದೇ ಕ್ಷಣದಲ್ಲಿ ಎಲ್ಲವೂ ಸಾಲಾಗಿ ಬಂದು ನಿಂತವು. ಟೊಮ್ಯಾಟೊ, ಸೀರೆ, ಬಿಳಿ ಚಾಕ್‌ಪೀಸು, ಕಾಣದ ದೆವ್ವ, ಮುಚ್ಚಳದ ಗೀರು. ಪ್ರತಿ ವರ್ಷ ಕಣ್ಣಿನ ಪಾಠ ಮಾಡುವಾಗ ವರ್ಣಾಂಧತೆ ಎಂದು ಹಲಗೆಯ ಮೇಲೆ ಬರೆದು, ಕೆಂಪು ಹಸಿರಿನ ಭೇದ ತಿಳಿಯದವರು ಇರುತ್ತಾರೆ ಎಂದು ಹೇಳಿ, ಅಂಕ ಬರುವ ಪ್ರಶ್ನೆಗೆ ಗೆರೆ ಎಳೆಸಿ ಮುಂದೆ ಹೋಗುತ್ತಿದ್ದೆ. ಅದು ನನ್ನ ಪಕ್ಕದಲ್ಲೇ ಕುಳಿತು ಶೇಂಗಾ ತಿನ್ನುತ್ತಿತ್ತು. ಬೆಳಕು ಕತ್ತಲಿನ ಭೇದದಿಂದ ಸಾದಾ ಕೆಂಪು ಹಸಿರನ್ನು ಹೇಗೋ ಅಂದಾಜು ಮಾಡುತ್ತಿದ್ದರೇನೋ, ಎರಡೂ ಗಾಢ ಬಣ್ಣವನ್ನೇ ತಂದು ಅದನ್ನೂ ಕಳೆದುಕೊಂಡಿದ್ದರು. ಉಳಿದದ್ದು ಮುಚ್ಚಳದ ಗೀರು ಒಂದೇ. ಅದನ್ನು ನಾನು ಕದ್ದಿದ್ದೆ.

ಹೆಡ್‌ಮಾಸ್ತರರು ಟೈ ಸರಿಮಾಡಿಕೊಳ್ಳುತ್ತ ಬಂದರು. ನೋಡಿದರು. ಟೈ ಅಲ್ಲೇ ಬಿಟ್ಟರು.

"ಇದೇನ್ರಿ ಸರ್? ಹೃದಯಕ್ಕ ಪಾಚಿ ಹಿಡದದಲ್ಲ!"

ಡ್ರಾಯಿಂಗ್ ಸರ್‌ಗೆ ತಿಳಿಯಲಿಲ್ಲ. ಗೋಡೆ ನೋಡಿದರು, ಹೆಡ್‌ಮಾಸ್ತರರನ್ನು ನೋಡಿದರು. ಬಗ್ಗಿ ಡಬ್ಬಿ ಎತ್ತಿಕೊಂಡು ಮುಚ್ಚಳದ ಅಂಚಿಗೆ ಹೆಬ್ಬೆರಳು ಆಡಿಸಿದರು. ಒಂದು ಗೀರು. ಮತ್ತೆ ಆಡಿಸಿದರು. ಒಂದೇ ಗೀರು. ಅವರ ಮುಖ ಸುಣ್ಣದ ಗೋಡೆಯಾಯಿತು. ಆ ಹೆಬ್ಬೆರಳು ಮೂರನೇ ಸಲ ಅಂಚಿನ ಸುತ್ತ ತಿರುಗಿದ್ದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಅಸಹ್ಯ ಹುಟ್ಟುತ್ತದೆ.

"ಸಣ್ಣ ಹುಡುಗ್ರಿಗಿ ಸುದ್ದಾ ಗೊತ್ತದ, ರಕ್ತ ಕೆಂಪು ಇರ್ತದ ಅಂತ. ಡ್ರಾಯಿಂಗ್ ಮಾಸ್ತರ್ ಅದೀರಿ, ನಿಮಗ ಬಣ್ಣ ಗೊತ್ತಾಗಂಗಿಲ್ಲೇನ್ರಿ?"

ಬೈಗುಳಕ್ಕೆಂದು ಆಡಿದ ಮಾತು, ಕಣ್ಣು ಮುಚ್ಚಿ ಎಸೆದ ಕಲ್ಲು ಗುರಿಗೇ ಬಿದ್ದ ಹಾಗಾಯಿತು. ಇನ್ನೊಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಇಷ್ಟು ವರ್ಷ ಕಾಯ್ದುಕೊಂಡು ಬಂದ ಗುಟ್ಟು ಮಕ್ಕಳೆದುರು, ಅಧಿಕಾರಿ ಎದುರು ಬಯಲಾಗುತ್ತಿತ್ತು. ಬಣ್ಣ ಕಾಣದ ಡ್ರಾಯಿಂಗ್ ಮಾಸ್ತರ ಎಂಬ ಮಾತು ಶಹಾಪುರದಿಂದ ಸುರಪುರಕ್ಕೆ ಅವರಿಗಿಂತ ಮುಂಚೆ ಬಸ್ಸು ಹತ್ತಿ ಹೋಗಿ, ಅವರಪ್ಪನ ಓಣಿಯಲ್ಲಿ ಇಳಿಯುತ್ತಿತ್ತು.

"ನಾನೇ ಹಸರು ಹಚ್ರಿ ಅಂತ ಹೇಳಿದ್ದೆರಿ ಸರ್," ಅಂದೆ.

"ಯಾಕ?"

"ಪ್ರಯೋಗ ಅದರಿ."

ಯಾವ ಪ್ರಯೋಗ ಅಂತ ನನಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಗೇಟಿನ ಹತ್ತಿರ ಜೀಪು ನಿಂತಿತು, ಹೆಡ್‌ಮಾಸ್ತರರು ನನ್ನ ಮೇಲೊಂದು ಉರಿನೋಟ ಎಸೆದು ಓಡಿದರು. ಅಧಿಕಾರಿ ನೀರಿನ ಟಾಕಿ ನೋಡಿ, ಶೌಚಾಲಯದ ಬಾಗಿಲು ಎಳೆದು ನೋಡಿ, ಅಂಗಳಕ್ಕೆ ಬರುವವರೆಗೆ ನನಗೆ ಸಮಯವಿತ್ತು. ಆ ಹೊತ್ತಿನಲ್ಲಿ ನನ್ನ ನೆರವಿಗೆ ಬಂದದ್ದು ನನ್ನ ಡಿಗ್ರಿ ಅಲ್ಲ. ಬೇವಿನ ಮರ ನೋಡುತ್ತ ಕೂತ ಒಬ್ಬ ಮುದುಕರು. ಹಸಿರು ಬಣ್ಣದಾಗ ಕೆಲಸ ಮಾಡಿದ ದಿನ ಕೆಂಪು ದೆವ್ವ.

ಅದೇ ಸಂಗತಿ ನಮ್ಮ ವಿಜ್ಞಾನ ಪುಸ್ತಕಗಳಲ್ಲೂ ಎಲ್ಲೋ ಒಂದು ಚೌಕಟ್ಟಿನೊಳಗೆ 'ನೀವೂ ಮಾಡಿ ನೋಡಿ' ಎಂಬ ತಲೆಬರಹದ ಕೆಳಗೆ ಇದ್ದೀತು. ಅಂಥ ಚೌಕಟ್ಟುಗಳಿಗೆ ಅಂಕ ಇರುವುದಿಲ್ಲ, ಆದ್ದರಿಂದ ನಾನು ಅವನ್ನು ಎಂದೂ ಮಾಡಿದವಳಲ್ಲ.

ಅಧಿಕಾರಿ ಬಂದು ಗೋಡೆಯ ಮುಂದೆ ನಿಂತರು. ಹುಬ್ಬು ಮೇಲೇರಿತು. ಅವರು ಬಾಯಿ ತೆರೆಯುವ ಮುಂಚೆಯೇ ನಾನು ನಮಸ್ಕಾರ ಮಾಡಿದೆ.

"ಸರ್, ಈ ಹೃದಯದ ನಡುವಿನ ಕವಾಟನ್ನೇ ಕಣ್ಣು ಪಿಳುಕಸದಂಗ ನೋಡ್ರಿ. ಹುಡುಗ್ರು ಅರವತ್ತು ಎಣಸ್ತಾರ. ಆಮ್ಯಾಲ ಬಾಜೂಕಿನ ಬಿಳಿ ಗ್ವಾಡಿ ನೋಡ್ರಿ."

"ನೋಡಿದ್ರ ಏನಾಗ್ತದ?"

"ಅದನ್ನ ನೀವ ಹೇಳ್ಬೇಕ್ರಿ."

ಮಕ್ಕಳಿಗೆ ಇದಕ್ಕಿಂತ ಹಬ್ಬ ಬೇಕೆ? ಅಧಿಕಾರಿ ಗೋಡೆಗೆ ಮುಖ ಮಾಡಿ ಶಿಕ್ಷೆಗೆ ನಿಂತವರ ಹಾಗೆ ನಿಂತಿದ್ದಾರೆ, ಇಡೀ ಶಾಲೆ ಒಂದು, ಎರಡು ಎಂದು ಕೂಗುತ್ತಿದೆ. ಹೆಡ್‌ಮಾಸ್ತರರು ಅಧಿಕಾರಿಗಿಂತ ಒಂದು ಹೆಜ್ಜೆ ಹಿಂದೆ ನಿಂತು, ತಾವೂ ಕಣ್ಣು ಬಿಟ್ಟು, ನೀರು ಸುರಿಸುತ್ತಿದ್ದರು. ಬಿಸಿಲು ಗೋಡೆಗೆ ನೇರವಾಗಿ ಬೀಳುತ್ತಿತ್ತು. ನಲವತ್ತು ದಾಟಿದಾಗ ನನಗೆ ಅನುಮಾನ ಶುರುವಾಯಿತು. ಇದು ಆಗದಿದ್ದರೆ? ಮುದುಕರು ತಮಾಷೆಗೆ ಹೇಳಿದ್ದಾಗಿದ್ದರೆ? ಅರವತ್ತಕ್ಕೆ ಅಧಿಕಾರಿ ಬಿಳಿ ಗೋಡೆಯತ್ತ ತಿರುಗಿದರು. ಹುಬ್ಬು ಗಂಟಿಕ್ಕಿದರು. ನನ್ನ ನೌಕರಿ ಹೋಯಿತು ಅಂದುಕೊಂಡೆ.

"ಅರೇ!" ಅಂದರು. "ಅರೇ, ಬಂತಲ್ರೀ! ಕೆಂಪಗ ಅದ! ಕೆಂಪು ಹೃದಯ!"

"ಕೆಂಪು! ಕೆಂಪು!" ಎಂದು ಇಡೀ ಅಂಗಳ ಕುಣಿಯಿತು. ಹೆಡ್‌ಮಾಸ್ತರರು "ಹೌದ್ರಿ ಸರ್, ಪೂರಾ ಕೆಂಪು ಅದರಿ ಸರ್" ಎನ್ನುತ್ತ ಕಣ್ಣೊರೆಸಿಕೊಂಡರು. ಅಧಿಕಾರಿ ಮತ್ತೊಮ್ಮೆ ನಿಂತರು, ಮೂರನೇ ಸಲವೂ ನಿಂತರು. ಕೊನೆಗೆ, "ಈ ಕಡಿ ಹಳದಿ ಯಾಕ ಕಾಣಾಕತ್ತದ?" ಎಂದು ಕೇಳಿದರು. ಹೃದಯಕ್ಕೆ ಕಾಮಾಲೆಯಾಗಿದೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಒಂದೇ ಬಣ್ಣ ನೋಡಿ ನೋಡಿ ಕಣ್ಣು ದಣಿದಾಗ ಅದರ ಎದುರು ಬಣ್ಣ ಕಾಣುತ್ತದೆ, ಹಸಿರಿನ ಎದುರು ಕೆಂಪು, ನೀಲಿಯ ಎದುರು ಹಳದಿ ಎಂದು ವಿವರಿಸಿದೆ. ಕಲೆಯನ್ನೂ ವಿಜ್ಞಾನವನ್ನೂ ಹೀಗೆ ಕೂಡಿಸಿದ ಶಾಲೆಯನ್ನು ತಾವು ಕಂಡೇ ಇಲ್ಲ ಎಂದು ಅವರು ಭೇಟಿ ಪುಸ್ತಕದಲ್ಲಿ ಅರ್ಧ ಪುಟ ಬರೆದರು. ಕೂಡಿಸಿದ್ದು ಒಬ್ಬ ಮುಚ್ಚಳಗಳ್ಳಿ ಎಂಬುದನ್ನು ಬರೆಯಲಿಲ್ಲ.

ಡ್ರಾಯಿಂಗ್ ಸರ್ ಮಕ್ಕಳ ನಡುವೆ ನಿಂತು ತಾವೂ ಅರವತ್ತರವರೆಗೆ ನೋಡಿದ್ದರು. ತಾವೂ ಬಿಳಿ ಗೋಡೆಯತ್ತ ತಿರುಗಿದ್ದರು. ಎಲ್ಲರೂ ಕೂಗಿ ಆದ ಮೇಲೆ, ಒಂದು ಗಳಿಗೆ ತಡವಾಗಿ, "ಹಾಂ, ಕೆಂಪು" ಅಂದರು. ಆ ತಡ ನನಗೊಬ್ಬಳಿಗೇ ಕೇಳಿಸಿತು.

ಸಂಜೆ ಬೆಂಚಿನ ಮೇಲೆ ಕೂತೆವು. ಶೇಂಗಾ ಪೊಟ್ಟಣ ಯಾರೂ ಬಿಚ್ಚಲಿಲ್ಲ. ಸುರಪುರದ ಬಸ್ಸು ಬಂತು, ಅವರು ಏಳಲಿಲ್ಲ. ಬಸ್ಸು ಹೋಯಿತು.

"ನಿಮಗ ಗೊತ್ತಾಯ್ತಲ್ರಿ ಮೇಡಂ."

"ಹೌದ್ರಿ."

ಆಮೇಲೆ ಅವರು ಹೇಳಿದ್ದನ್ನು ಬರೆಯಲು ಅವರ ಅಪ್ಪಣೆ ಪಡೆದಿದ್ದೇನೆ. ಈಗ ನಿವೃತ್ತರಾಗಿ ರಂಗಂಪೇಟೆಯ ಮನೆಯಲ್ಲಿ ಹಾಯಾಗಿದ್ದಾರೆ. ಬರೀರಿ, ಹೆಸರು ಮಾತ್ರ ಬ್ಯಾಡ ಅಂದಿದ್ದಾರೆ. ಅವರಿಗೆ ಏಳೆಂಟು ವರ್ಷವಿದ್ದಾಗ ಅಪ್ಪ ಒಂದು ಗಿಳಿಗೆ ಬಣ್ಣ ತುಂಬಲು ಕೊಟ್ಟರಂತೆ. ಇವರು ಮೈಗೆ ಕೆಂಪು, ಕೊಕ್ಕಿಗೆ ಹಸಿರು ತುಂಬಿದರು. ಅಪ್ಪ ಹೊಡೆಯಲಿಲ್ಲ. "ನಿನ್ನ ಕೈಗಿ ಬಣ್ಣ ಒಲಿಯಂಗಿಲ್ಲ" ಎಂದಷ್ಟೇ ಹೇಳಿ, ಬಣ್ಣದ ಕುಂಚ ಕಸಿದುಕೊಂಡು ಗೆರೆಯ ಕುಂಚ ಕೊಟ್ಟರು. ಅದರ ಹಿಂದಿನ ವಾರ ಇವರು ಆಡುತ್ತ ಆಡುತ್ತ ಅಪ್ಪನ ಬಂಗಾರದ ರೇಕಿನ ಮೇಲೆ ಕಾಲಿಟ್ಟಿದ್ದರು. ಅದರ ಪಾಪವೇ ತಟ್ಟಿತು ಅಂತ ಅಂದಿನಿಂದ ನಂಬಿಕೊಂಡು ಬಂದಿದ್ದರು. ಮನೆಯಲ್ಲಿ ಹೆಂಡತಿಯೊಬ್ಬರಿಗೆ ಗೊತ್ತು. ಅಂಗಿ ಪ್ಯಾಂಟು ಅವರೇ ಜೋಡಿಸಿ ಇಡುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಅಂದು ನಾನು ಮಾಡಿದಷ್ಟು ಒಳ್ಳೆಯ ಪಾಠವನ್ನು ಯಾವ ತರಗತಿಯಲ್ಲೂ ಮಾಡಿಲ್ಲ. ಪೊಟ್ಟಣ ಬಿಚ್ಚಿ, ಶೇಂಗಾ ಕಾಳುಗಳನ್ನು ಬೆಂಚಿನ ಮೇಲೆ ಜೋಡಿಸಿ, ಇದು ತಾಯಿ, ಇದು ತಂದೆ, ಈ ದೋಷ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ, ತಾಯಿಗೆ ಎಲ್ಲ ಬಣ್ಣವೂ ಕಾಣಬಹುದು, ತಾಯಿಯ ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಇರಬಹುದು ಎಂದು ವಿವರಿಸಿದೆ.

ಅವರು ಒಂದು ಶೇಂಗಾ ಕಾಳನ್ನೇ ದಿಟ್ಟಿಸುತ್ತಿದ್ದರು. "ನಮ್ಮ ಸೋದರಮಾವ ಒಬ್ಬವ ಇದ್ದ," ಅಂದರು. "ನನ್ನ ಅಕ್ಕನ ಮದಿವಿಗಿ ಎಲ್ಲಾರೂ ಕೆಂಪು ರುಮಾಲು ಸುತ್ತಿದ್ರ ಅವ ಒಬ್ಬನ ಹಸರು ರುಮಾಲು ಸುತ್ತಕೊಂಡು ಬಂದಿದ್ದ. ಕೇಳಿದ್ರ ಕೆಂಪೇ ಅದ ಅಂತ ಜಗಳಾ ತಗದ. ಕುಡದು ಬಂದಾನಂತ ಹೊರಗ ಕಟ್ಟಿ ಮ್ಯಾಲ ಕೂಡ್ಸಿದ್ರು. ಸಾಯೂತನಕ ಅವಗ ಕುಡುಕ ಅಂದ್ರು." ಆ ಕಾಳನ್ನು ಎತ್ತಿಕೊಂಡರು. "ಅಂದ್ರ ಅವ ಕುಡದಿರಲಿಲ್ರಿ ಮೇಡಂ!"

ಇಬ್ಬರೂ ನಕ್ಕೆವು. ಬಸ್‌ಸ್ಟ್ಯಾಂಡಿನ ಜನ ತಿರುಗಿ ನೋಡುವಷ್ಟು ನಕ್ಕೆವು. ನಗು ಇಳಿದ ಮೇಲೆ ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಹಂಗಾದ್ರ ಬಂಗಾರ ತುಳದದ್ದಕ್ಕಲ್ಲ?"

"ಅಲ್ರಿ ಸರ್."

"ಅಪ್ಪನ ಮಾತು ತಟ್ಟಿದ್ದಕ್ಕೂ ಅಲ್ಲ?"

"ಅಲ್ಲೇ ಅಲ್ರಿ."

ಬಹಳ ಹೊತ್ತು ಕನ್ನಡಕ ಒರೆಸಿದರು. ಅವರ ಕಣ್ಣು ತುಂಬಿದ್ದನ್ನು ನಾನು ನೋಡದ ಹಾಗೆ ಬೇರೆ ಕಡೆ ತಿರುಗಿದೆ. ಬಾಯಿ ಮುಚ್ಚಿಕೊಂಡಿದ್ದರೆ ಅಂದಿನ ಸಂಜೆ ಅಲ್ಲಿಗೆ ಚೆಂದವಾಗಿ ಮುಗಿಯುತ್ತಿತ್ತು. ಆದರೆ ಆ ಹೆಬ್ಬೆರಳು ನನ್ನ ಕಣ್ಣ ಮುಂದೆಯೇ ತಿರುಗುತ್ತಿತ್ತು.

"ಸರ್, ನಿಮ್ಮ ಗೀರು ತಪ್ಪಿರಲಿಲ್ಲ. ಶನಿವಾರ ಮುಚ್ಚಳ ನಾನೇ ಬದ್ಲಿ ಮಾಡಿದ್ದೆ. ಚೇಷ್ಟಿಗಿ."

ಅವರು ಕನ್ನಡಕ ಹಾಕಿಕೊಂಡರು. ನನ್ನನ್ನು ನೋಡಿದರು. ಮುಂದಿನ ಸುರಪುರದ ಬಸ್ಸು ಬಂದು ನಿಂತಿತ್ತು, ಎದ್ದು ಹೋಗಿ ಹತ್ತಿದರು. ಕಿಟಕಿಯ ಪಕ್ಕ ಕೂತರೂ ಹೊರಗೆ ನೋಡಲಿಲ್ಲ.

ಅಲ್ಲಿಂದ ಮಾತು ನಿಂತಿತು. ಬೆಂಚಿಗೆ ಬರುತ್ತಿರಲಿಲ್ಲ, ಕಂಬದ ಹತ್ತಿರ ನಿಲ್ಲುತ್ತಿದ್ದರು. ನಾನು ಶೇಂಗಾ ಕೊಳ್ಳುವುದನ್ನು ಬಿಟ್ಟೆ. ಶಾಲೆಯಲ್ಲಿ ತಮ್ಮ ಪೀರಿಯಡ್ಡುಗಳನ್ನು ಒಂದು ನಿಮಿಷವೂ ಬಿಡದೆ ತೆಗೆದುಕೊಂಡರು. ಒಂದು ದಿನ ನಾನು ಹತ್ತನೇ ತರಗತಿಗೆ ಹೋದರೆ, ಅವರು ಬಾಗಿಲಲ್ಲಿ ನನಗೆ ಬೆನ್ನು ಮಾಡಿ ನಿಂತು, "ವಿಜ್ಞಾನ ಮೇಡಂ ಇವತ್ತ ಬರೂದಿಲ್ಲ, ಡ್ರಾಯಿಂಗ್ ಹಾಳಿ ತಗೀರಿ" ಎನ್ನುತ್ತಿದ್ದರು. ಮಕ್ಕಳು ತುಟಿ ಕಚ್ಚಿಕೊಂಡವು. ನಾನು ಡಸ್ಟರು ಬಗಲಲ್ಲಿ ಇಟ್ಟುಕೊಂಡು ಸ್ಟಾಫ್ ರೂಮಿಗೆ ವಾಪಸು ಬಂದೆ. ಆ ಪೀರಿಯಡ್ಡಿನಲ್ಲಿ ಅವರು ಹೃದಯ ಬರೆಸಿದರು ಅಂತ ಆಮೇಲೆ ತಿಳಿಯಿತು. ಮುಂದಿನ ಕಿರುಪರೀಕ್ಷೆಯಲ್ಲಿ ಒಂದು ಬದನೆಕಾಯಿಯೂ ಸಿಗಲಿಲ್ಲ. ಹೋಗಿ ಥ್ಯಾಂಕ್ಸ್ ಹೇಳಬೇಕೆಂದು ಎರಡು ಸಲ ಎದ್ದು, ಎರಡು ಸಲ ಕೂತೆ.

ನಮ್ಮ ಸ್ಟಾಫ್ ರೂಮಿನಲ್ಲಿ ಚಹಾ ಮಾಡುವುದು ಪಾಳಿಯ ಮೇಲೆ. ಒಂದು ಸ್ಟೋವು, ಎರಡು ಸ್ಟೀಲಿನ ಡಬ್ಬಿ. ಒಂದರ ಮುಚ್ಚಳಕ್ಕೆ ಸಕ್ರಿ ಎಂಬ ಚೀಟಿ, ಇನ್ನೊಂದಕ್ಕೆ ಉಪ್ಪು ಎಂಬ ಚೀಟಿ, ಬೇಸಿಗೆಯ ಮಜ್ಜಿಗೆಗೆ ಇಟ್ಟದ್ದು. ಆ ವಾರ ನನ್ನ ಪಾಳಿ. ಗಡಿಬಿಡಿಯಲ್ಲಿ ಚಹಾ ಕಾಸಿ, ಎಲ್ಲರಿಗೂ ಕಪ್ಪು ಹಂಚಿ, ನಾನೂ ಕೂತೆ. ಮೊದಲ ಗುಟುಕು ಹೆಡ್‌ಮಾಸ್ತರರದು. ಅವರ ಮುಖ ಹಿಂಡಿದ ನಿಂಬೆಹಣ್ಣಾಯಿತು.

"ಏನ್ರಿ ಮೇಡಂ ಇದು? ಸಮುದ್ರದ ನೀರು ಕಾಸೀರೇನು?"

ಒಬ್ಬರು ಕಿಟಕಿಗೆ ಓಡಿದರು, ಒಬ್ಬರು ಬಾಯಿ ಮುಕ್ಕಳಿಸಿದರು. ಗಣಿತದ ಮೇಡಂ ನಗಲು ಹೋಗಿ ಕೆಮ್ಮಿದರು. ನಾನು ಡಬ್ಬಿ ತೆಗೆದು ನೋಡಿದೆ, ನಾಲಿಗೆಗೆ ಹಚ್ಚಿಕೊಂಡೆ. ಸಕ್ರಿ ಎಂಬ ಚೀಟಿಯ ಕೆಳಗೆ ಉಪ್ಪು. ಯಾರೋ ಮುಚ್ಚಳ ಅದಲು ಬದಲು ಮಾಡಿದ್ದರು. ಇಡೀ ರೂಮು ನಗುತ್ತಿತ್ತು. ಮೂಲೆಯಲ್ಲಿ ಡ್ರಾಯಿಂಗ್ ಸರ್ ಒಬ್ಬರೇ ತಮ್ಮ ಕಪ್ಪು ಹಿಡಿದುಕೊಂಡು ಸುಮ್ಮನೆ ಕೂತಿದ್ದರು. ಕಪ್ಪಿನೊಂದಿಗೆ ಎದ್ದು ನನ್ನ ಹತ್ತಿರ ಬಂದರು. ಎಷ್ಟೋ ವಾರಗಳ ಮೇಲೆ ಮೊದಲ ಸಲ ಮಾತಾಡಿದರು, ನನಗಷ್ಟೇ ಕೇಳುವ ಹಾಗೆ.

"ನೋಡಿ ಹಾಕ್ಬೇಕಿಲ್ರಿ ಮೇಡಂ?"

"ಎರಡೂ ಬೆಳ್ಳಗ ಇದ್ವು ಸರ್. ಮುಚ್ಚಳ ನೋಡಿ ಹಾಕೀನಿ."

"ಹಾಂ," ಅಂದರು. "ನಾನೂ ಹಂಗೇ ಹಾಕಿದ್ದೆರಿ."

ತಪ್ಪಾಯಿತು ಎಂಬ ಮಾತು ಬಾಯಿಗೆ ಬರುವ ಮುಂಚೆಯೇ ಕಣ್ಣಲ್ಲಿ ನೀರು ಬಂತು. ಅವರು ಅದನ್ನು ನೋಡದ ಹಾಗೆ ಕಿಟಕಿಯ ಕಡೆ ತಿರುಗಿ, ಕೈಯಲ್ಲಿದ್ದ ಉಪ್ಪಿನ ಚಹಾವನ್ನು ಕೊನೆಯ ಹನಿಯವರೆಗೆ ಕುಡಿದರು. ಕಪ್ಪು ಟೇಬಲ್ಲಿನ ಮೇಲಿಟ್ಟು, "ಸಂಜೀಕ ಶೇಂಗಾ ತಗೊಳ್ರಿ" ಎಂದು ಹೇಳಿ ಕ್ಲಾಸಿಗೆ ಹೋದರು.

ಮರುದಿನ ಮನೆಯಿಂದ ಚಾಕು ತೆಗೆದುಕೊಂಡು ಹೋದೆ. ಎರಡೂ ಮುಚ್ಚಳದ ಚೀಟಿ ಕಿತ್ತುಹಾಕಿ, ಅಂಚಿನಲ್ಲಿ ಸಕ್ಕರೆಗೆ ಒಂದು, ಉಪ್ಪಿಗೆ ಎರಡು ಗೀರು ಹಾಕಿದೆ. ನನ್ನ ಕೈ ಸೊಟ್ಟ, ಗೀರುಗಳೂ ಸೊಟ್ಟ ಬಂದವು. ಡ್ರಾಯಿಂಗ್ ಸರ್ ಬಂದು ಡಬ್ಬಿ ಎತ್ತಿಕೊಂಡರು, ಅಂಚಿನ ಸುತ್ತ ಹೆಬ್ಬೆರಳು ಆಡಿಸಿದರು, ಆಮೇಲೆ ಮುಚ್ಚಳ ತೆಗೆದು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು.

"ಬರೋಬ್ಬರಿ ಅದರಿ," ಅಂದರು.